ತಲೆ ಮೇಲಿನ ಡೊಂಕು ಗೆರೆ

ನಿಮ್ಮ ಹತ್ತಿರ ಪೆನ್ನಿದ್ದರೆ ಅಂಗೈ ಮೇಲೆ ಇಂಗ್ಲಿಷಿನ ಸಣ್ಣ ಎನ್ ಬರೆದುಕೊಳ್ಳಿ. ಈಗ ಅದರ ತಲೆ ಮೇಲೆ ಒಂದು ಪುಟ್ಟ ಡೊಂಕು ಗೆರೆ ಎಳೆಯಿರಿ. ಹರಿದು ಹೋಗುವ ಹಾವಿನ ಹಾಗೆ ಸ್ವಲ್ಪ ಏರಬೇಕು, ಇಳಿಯಬೇಕು, ಮತ್ತೆ ಏರಬೇಕು. ಆ ಗೆರೆಯ ಹೆಸರು ಟಿಲ್ಡೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಡಗಡೆ ಮೇಲೆ, ಅಂಕಿ ಒಂದರ ಪಕ್ಕದಲ್ಲಿ ಇರುತ್ತದೆ. ನಮ್ಮಲ್ಲಿ ಬಹಳ ಜನ ಅದನ್ನು ಒಮ್ಮೆಯೂ ಒತ್ತಿರಲಿಕ್ಕಿಲ್ಲ. ಇಡೀ ಸಂಜೆ ಈ ಒಂದು ಗೆರೆ ಬಗ್ಗೆ ಮಾತಾಡೋಕೆ ಹೋಗ್ತಿದ್ದೀನಿ ಅಂದಾಗ ಮನೆಯಲ್ಲಿ ನಕ್ಕರು. ನೀವು ನಗುವುದು ಬೇಡ, ಏಕೆಂದರೆ ಈ ಗೆರೆ ನಿಮ್ಮೆಲ್ಲರಿಗೂ ಪರಿಚಯವಿದೆ. ಹೆಸರು ಗೊತ್ತಿಲ್ಲ, ಅಷ್ಟೇ.

2023ರಲ್ಲಿ ಮಳೆ ಕೈಕೊಟ್ಟಿತು, ನೆನಪಿದೆ ಅಲ್ವಾ? ಆಗ ಪೇಪರಿನಲ್ಲಿ, ಟಿವಿಯಲ್ಲಿ ದಿನವೂ ಒಂದು ಪದ ಬರುತ್ತಿತ್ತು, ‘ಎಲ್ ನಿನೊ’. ನಮ್ಮೂರಿನ ರೈತರ ಬಾಯಲ್ಲೂ ಬಂತು. ಅದು ಸ್ಪ್ಯಾನಿಷ್ ಪದ. ಪೆರು ದೇಶದ ಕರಾವಳಿಯಲ್ಲಿ ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಸಮುದ್ರದ ನೀರು ಬಿಸಿಯಾಗುತ್ತಿತ್ತು, ಮೀನು ಸಿಗುತ್ತಿರಲಿಲ್ಲ. ಮೀನುಗಾರರು ಅದಕ್ಕೆ ಬಾಲ ಯೇಸುವಿನ ಹೆಸರಿಟ್ಟರು. ‘ಎಲ್ ನಿನೊ’ ಅಂದರೆ ಆ ಹುಡುಗ, ಆ ಮಗು. ಆದರೆ ಅವರು ಹೇಳುವುದು ‘ನಿನೊ’ ಅಂತಲ್ಲ. ಎರಡನೇ ಎನ್ ತಲೆ ಮೇಲೆ ಟಿಲ್ಡೆ ಇದೆ. ಹಾಗಾಗಿ ಉಚ್ಚಾರ ‘ನೀಞೊ’.

ಈ ಞ ನೋಡಿ. ಒಂದನೇ ಕ್ಲಾಸಿನಲ್ಲಿ ‘ಚ ಛ ಜ ಝ ಞ’ ಅಂತ ರಾಗವಾಗಿ ಹೇಳಿ, ಆಮೇಲೆ ಜೀವಮಾನವಿಡೀ ಒಂಟಿಯಾಗಿ ಬರೆಯದ ಅಕ್ಷರ. ಸ್ಪೇನಿನವರು ಬಹಳ ಪ್ರೀತಿಯಿಂದ ಕಾಪಾಡಿಕೊಂಡು ಬಂದಿರುವ ಸದ್ದಿಗೆ ನಮ್ಮ ಹತ್ತಿರ ಸರಿಯಾದ ಅಕ್ಷರವೇ ಇದೆ. ಆದರೂ ನಾವು ಇಂಗ್ಲಿಷ್ ಪತ್ರಿಕೆ ನೋಡಿ ‘ನಿನೊ’ ಅಂತ ಬರೆದೆವು.

ಈ ಗೆರೆ ಹುಟ್ಟಿದ್ದು ಹೇಗೆ? ಉಳಿತಾಯದಿಂದ. ಕಾಗದ ಬರುವ ಮೊದಲು ಯುರೋಪಿನಲ್ಲಿ ಪುಸ್ತಕ ಬರೆಯುತ್ತಿದ್ದದ್ದು ಚರ್ಮದ ಮೇಲೆ. ಕುರಿಯದ್ದು, ಕರುವಿನದ್ದು. ಒಂದು ದಪ್ಪ ಪುಸ್ತಕಕ್ಕೆ ಒಂದು ಮಂದೆಯೇ ಬೇಕಾಗುತ್ತಿತ್ತು. ಮಠದಲ್ಲಿ ಕೂತು ನಕಲು ಮಾಡುತ್ತಿದ್ದವರು ಜಾಗ ಉಳಿಸಲು, ಕೈನೋವು ತಪ್ಪಿಸಲು ಪದಗಳನ್ನು ಮೊಟಕು ಮಾಡಿದರು. ಬಿಟ್ಟ ಅಕ್ಷರದ ಗುರುತಿಗೆ ಮೇಲೊಂದು ಗೆರೆ. ಲ್ಯಾಟಿನ್‌ನಲ್ಲಿ ಎನ್, ಎಂ ಸಿಕ್ಕಾಪಟ್ಟೆ ಬರುತ್ತವೆ, ಹಾಗಾಗಿ ಜಾಸ್ತಿ ಮಾಯವಾದದ್ದೂ ಅವೇ. ಎ ಬರೆದು ಮೇಲೆ ಗೆರೆ ಎಳೆದರೆ ‘ಅನ್’ ಅಥವಾ ‘ಅಮ್’. ಯಾವುದು ಅಂತ ಓದುಗನಿಗೆ ಬಿಟ್ಟದ್ದು. ಲ್ಯಾಟಿನ್‌ನ ‘ಟಿಟುಲುಸ್’, ಅಂದರೆ ಮೇಲ್ಬರಹ, ಅದೇ ಸ್ಪ್ಯಾನಿಷ್ ಬಾಯಲ್ಲಿ ‘ಟಿಲ್ಡೆ’ ಆಯಿತು.

ಅಚ್ಚು ಬಂದ ಮೇಲೂ ಈ ಅಭ್ಯಾಸ ಹೋಗಲಿಲ್ಲ. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ ತೆಗೆದು ನೋಡಿ. ಸಾಲುಗಳು ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ನೇರವಾಗಿವೆ. ಅದರ ಗುಟ್ಟಿನಲ್ಲಿ ಈ ಗೆರೆಯ ಪಾಲೂ ಇದೆ. ಸಾಲು ಉದ್ದವಾದರೆ ಒಂದು ಎನ್ ಕಿತ್ತು ಗೆರೆ ಹಾಕುವುದು. ಜಾಗ ಉಳಿದರೆ ಪೂರ್ತಿ ಬರೆಯುವುದು. ನಾನು ಅಚ್ಚಿನ ಮನೆಯಲ್ಲಿ ಪ್ರೂಫ್ ತಿದ್ದುತ್ತಾ ಬದುಕು ಶುರು ಮಾಡಿದವನು. ಇದನ್ನು ಮೊದಲ ಸಲ ತಿಳಿದಾಗ ಆ ಮೊಳೆ ಜೋಡಿಸುವವರ ಮೇಲೆ ಹೊಟ್ಟೆಕಿಚ್ಚಾಯಿತು.

ಈಗ ನಿಮ್ಮನ್ನೇ ಒಂದು ಕೇಳುತ್ತೇನೆ. ಮೂಗಿನ ಅಕ್ಷರ ಯಾವುದೇ ಇರಲಿ, ಅದನ್ನು ಬಿಟ್ಟು ಒಂದೇ ಗುರುತು ಹಾಕಿ, ಓದುವವರು ಸರಿಯಾಗಿ ಓದಿಕೊಳ್ಳಲಿ ಅನ್ನುವ ಈ ಉಪಾಯ ಎಲ್ಲೋ ನೋಡಿದ್ದೀವಿ ಅನಿಸುತ್ತಿಲ್ಲವಾ? ನಿಧಾನವಾಗಿ ಹೇಳಿ: ಅಂಕ, ಮಂಚ, ಗಂಟೆ, ದಂತ, ಕಂಬ. ಬರೆಯುವುದು ಐದಕ್ಕೂ ಒಂದೇ ಸೊನ್ನೆ. ಹೇಳುವುದು ಮಾತ್ರ ಅಙ್ಕ, ಮಞ್ಚ, ಗಣ್ಟೆ, ದನ್ತ, ಕಮ್ಬ. ಹಳೆಯ ಶಾಸನಗಳಲ್ಲಿ ಹೀಗೆ ಬಿಡಿಸಿ ಬರೆದದ್ದೂ ಸಿಗುತ್ತದೆ. ಆಮೇಲೆ ಸೊನ್ನೆ ಎಲ್ಲವನ್ನೂ ನುಂಗಿತು. ಯುರೋಪಿನ ಸನ್ಯಾಸಿಗೆ ನಮ್ಮ ಸೊನ್ನೆ ಗೊತ್ತಿರಲಿಲ್ಲ, ನಮಗೆ ಅವನ ಗೆರೆ ಗೊತ್ತಿರಲಿಲ್ಲ. ಆದರೂ ಎರಡೂ ಒಂದೇ ಕೆಲಸಕ್ಕೆ ನಿಂತವು. ನಾನಂತೂ ಟಿಲ್ಡೆಯನ್ನು ಯುರೋಪಿನ ಸೊನ್ನೆ ಅಂತಲೇ ಕರೆಯುತ್ತೇನೆ. ವ್ಯತ್ಯಾಸ ಇರುವುದು ಮುಂದಿನ ಕಥೆಯಲ್ಲಿ. ನಮ್ಮ ಸೊನ್ನೆ ಹೆಚ್ಚುಕಡಿಮೆ ಅದೇ ಕೆಲಸದಲ್ಲಿ ಉಳಿಯಿತು. ಟಿಲ್ಡೆ ಊರೂರು ಸುತ್ತಿ, ಹೋದಲ್ಲೆಲ್ಲ ಬೇರೆ ಬೇರೆ ಕೆಲಸಕ್ಕೆ ಸೇರಿಕೊಂಡಿತು.

ಮೊದಲು ಸ್ಪೇನ್. ಲ್ಯಾಟಿನ್‌ನಲ್ಲಿ ವರ್ಷಕ್ಕೆ ‘ಅನ್ನುಸ್’ ಅನ್ನುತ್ತಿದ್ದರು. ನಕಲುಗಾರರು ಎರಡು ಎನ್ ಬದಲು ಒಂದು ಎನ್ ಬರೆದು ಮೇಲೆ ಗೆರೆ ಎಳೆದರು. ಈ ಹೊತ್ತಿಗೆ ಸ್ಪೇನಿನ ಜನರ ಬಾಯಲ್ಲಿ ಆ ಜೋಡಿ ಎನ್ ಮೆತ್ತಗಾಗಿ ಞ ಆಗಿತ್ತು. ‘ಅನ್ನೊ’ ಹೋಗಿ ‘ಆಞೊ’ ಬಂದಿತ್ತು. ಹೀಗೆ ಮೊಟಕು ಗುರುತು ಒಂದು ಸದ್ದಿನ ಗುರುತಾಯಿತು. 13ನೇ ಶತಮಾನದಲ್ಲಿ 10ನೇ ಅಲ್ಫೋನ್ಸೊ ದೊರೆಯ ಆಸ್ಥಾನದಲ್ಲಿ ಬರವಣಿಗೆ ಒಂದು ಹದಕ್ಕೆ ಬಂದಾಗ ಈ ರೂಪ ಗಟ್ಟಿಯಾಯಿತು. ಪಕ್ಕದ ಭಾಷೆಗಳು ಇದೇ ಸದ್ದಿಗೆ ಬೇರೆ ದಾರಿ ಹಿಡಿದವು. ಫ್ರೆಂಚ್, ಇಟಾಲಿಯನ್‌ನವರು ಜಿ ಮತ್ತು ಎನ್ ಸೇರಿಸಿದರು. ಶಾಂಪೇನ್, ಲಸಾಂಞ ಬರೆಯುವುದು ಹಾಗೆ. ಪೋರ್ಚುಗೀಸರು ಎನ್ ಪಕ್ಕ ಎಚ್ ಇಟ್ಟರು, ಕೆಟಲಾನ್‌ನವರು ವೈ ಇಟ್ಟರು. ಸ್ಪೇನಿನವರಿಗೆ ಮಾತ್ರ ಇದು ಪೂರ್ತಿ ಬೇರೆ ಅಕ್ಷರ. ಅವರ ವರ್ಣಮಾಲೆಯಲ್ಲಿ ಎನ್ ಆದ ಮೇಲೆ, ಓಗಿಂತ ಮೊದಲು ಇದಕ್ಕೆ ಸ್ವಂತ ಮನೆ ಇದೆ.

ಗೆರೆ ಬಿಟ್ಟರೆ ಏನಾಗುತ್ತದೆ? ‘ನನಗೆ 40 ವರ್ಷ’ ಅನ್ನುವುದನ್ನು ಸ್ಪ್ಯಾನಿಷ್‌ನಲ್ಲಿ ‘ನನ್ನ ಹತ್ತಿರ 40 ಆಞೊಸ್ ಇವೆ’ ಅನ್ನುತ್ತಾರೆ. ಟಿಲ್ಡೆ ಮರೆತು ಬರೆದರೆ ‘ಆನೊಸ್’ ಆಗುತ್ತದೆ. ಅದು ನಾವೆಲ್ಲ ಯಾವುದರ ಮೇಲೆ ಕೂತಿದ್ದೀವೋ ಅದರ ನಡುವಿನ ಒಂದು ಜಾಗದ ಹೆಸರು. ಅಂಥವು 40 ಇವೆ ಅಂದ ಹಾಗಾಯಿತು. ಇನ್ನೂ ತಮಾಷೆ ಏನಂದರೆ ಪಕ್ಕದ ಪೋರ್ಚುಗಲ್‌ನಲ್ಲಿ ವರ್ಷಕ್ಕೆ ಗೆರೆಯಿಲ್ಲದ ‘ಆನು’ ಅನ್ನುವುದೇ ಸರಿ. ಬರೆಯುವಾಗ ಅದು ಸ್ಪ್ಯಾನಿಷ್‌ನ ಆ ಪದದ ಹಾಗೇ ಕಾಣುತ್ತದೆ. ಪೋರ್ಚುಗೀಸ್ ಗೆಳೆಯನ ಹೊಸ ವರ್ಷದ ಕಾರ್ಡು ನೋಡಿ ಸ್ಪೇನಿನ ಮಕ್ಕಳು ಕಿಸಕ್ಕನೆ ನಗುವುದು ಸಹಜ.

ಇನ್ನೊಂದು ಗೊಂದಲ ಹೇಳಿಬಿಡುತ್ತೇನೆ. ಸ್ಪೇನಿನಲ್ಲಿ ಯಾರನ್ನಾದರೂ ‘ಟಿಲ್ಡೆ ಎಲ್ಲಿದೆ?’ ಅಂತ ಕೇಳಿದರೆ ಅವರು ಸ್ವರದ ಮೇಲಿನ ಓರೆ ಗೆರೆ ತೋರಿಸುತ್ತಾರೆ. ಒತ್ತಿ ಹೇಳಬೇಕಾದ ಸ್ವರದ ಗುರುತು ಅದು. ನಮ್ಮ ಈ ಡೊಂಕು ಗೆರೆಗೆ ಅವರು ‘ವಿರ್ಗುಲೀಯ’ ಅನ್ನುತ್ತಾರೆ, ಪುಟ್ಟ ಅಲ್ಪವಿರಾಮ ಅಂತ. ಹೆಸರು ಕೊಟ್ಟವರೇ ಆ ಹೆಸರನ್ನು ಬೇರೆಯದಕ್ಕೆ ಬಳಸುತ್ತಾರೆ.

ಈ ಅಕ್ಷರಕ್ಕಾಗಿ ಸ್ಪೇನ್ ಜಗಳವನ್ನೂ ಆಡಿದೆ. ಈ ಅಕ್ಷರದ ಕೀಲಿ ಇಲ್ಲದ ಕಂಪ್ಯೂಟರನ್ನು ಸ್ಪೇನಿನಲ್ಲಿ ಮಾರುವ ಹಾಗಿಲ್ಲ ಅಂತ ಅಲ್ಲಿ ನಿಯಮ ಇತ್ತು. 1991ರಲ್ಲಿ ಯುರೋಪಿಯನ್ ಸಮುದಾಯ, ಇದು ವ್ಯಾಪಾರಕ್ಕೆ ಅಡ್ಡಿ, ತೆಗೆಯಿರಿ ಅಂದಿತು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು. 1993ರಲ್ಲಿ ಸ್ಪೇನ್ ಸರ್ಕಾರ, ಯುರೋಪಿನ ದೇಶಗಳು ಮಾಡಿಕೊಂಡ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಸಂಸ್ಕೃತಿಗೆ ಕೊಟ್ಟಿದ್ದ ರಿಯಾಯಿತಿಯನ್ನು ಹಿಡಿದು ನಿಯಮ ಉಳಿಸಿಕೊಂಡಿತು. ಇವತ್ತು ಸ್ಪ್ಯಾನಿಷ್ ಕಲಿಸುವ ಸರ್ವಾಂಟಿಸ್ ಸಂಸ್ಥೆಯ ಲಾಂಛನದಲ್ಲೇ ಆ ಅಕ್ಷರ ಕೂತಿದೆ. ಒಂದು ಕೀಲಿಗೆ ಇಷ್ಟು ರಂಪ ಬೇಕಾ ಅಂತ ಕೆಲವರಿಗೆ ಅನಿಸಬಹುದು. ಕಂಪ್ಯೂಟರಿನಲ್ಲಿ ಕನ್ನಡ ಒತ್ತು ಒಡೆದು ಬಂದ ಕಾಲ ನೋಡಿದ ನನಗೆ ಹಾಗೆ ಅನಿಸುವುದಿಲ್ಲ.

ಸ್ವಲ್ಪ ದಾರಿ ತಪ್ಪುತ್ತೇನೆ. ಸಂಸ್ಕೃತ, ಕನ್ನಡ ಪದಗಳನ್ನು ವಿದ್ವಾಂಸರು ರೋಮನ್ ಲಿಪಿಯಲ್ಲಿ ಬರೆಯುವಾಗ ಞಗೆ ಹಾಕುವುದು ಇದೇ ಟಿಲ್ಡೆ ಇರುವ ಎನ್. ‘ಜ್ಞಾನ’ದೊಳಗೆ ಅದು ಇದೆ. ಕನ್ನಡದಲ್ಲಿ ನಾವದನ್ನು ‘ಗ್ನಾನ’ ಅಂತಲೋ ‘ಗ್ಯಾನ’ ಅಂತಲೋ ಹೇಳುತ್ತೇವೆ, ಮರಾಠಿಯವರು ‘ದ್ನ್ಯಾನ’ ಅನ್ನುತ್ತಾರೆ. ಞ ಬರಹದಲ್ಲಿ ಮಾತ್ರ ಉಳಿದಿದೆ. ಹಿಂದೊಮ್ಮೆ ಒಂದು ವೇದಾಂತದ ಪುಸ್ತಕದ ಪ್ರೂಫ್ ನನ್ನ ಕೈಗೆ ಬಂತು. ಎಲ್ಲೋ ಫಾಂಟ್ ಬದಲಾಗಿತ್ತು. ‘ಜ್ಞಾನ’ ಬಂದಲ್ಲೆಲ್ಲ ನಡುವೆ ಒಂದು ಪ್ರಶ್ನೆ ಚಿಹ್ನೆ! ಇನ್ನೂರು ಪುಟ, ಪ್ರತಿ ಜ್ಞಾನಕ್ಕೂ ಒಂದು ಪ್ರಶ್ನೆ. ವೇದಾಂತಕ್ಕೆ ಹೊಂದುತ್ತದೆ, ಹಾಗೇ ಬಿಡಿ ಅಂದೆ. ಲೇಖಕರು ಒಪ್ಪಲಿಲ್ಲ. ಅಂದಹಾಗೆ, ಞ ಎಲ್ಲ ಕಡೆ ಸತ್ತಿಲ್ಲ. ಗಡಿ ದಾಟಿದರೆ ಮಲಯಾಳಿಗಳು ದಿನಕ್ಕೆ ಸಾವಿರ ಸಲ ಹೇಳುತ್ತಾರೆ. ಅವರ ‘ನಾನು’ ಅನ್ನುವುದೇ ‘ಞಾನ್’.

ಇನ್ನು ಪೋರ್ಚುಗೀಸ್. ನನಗೆ ಇದು ಎಲ್ಲಕ್ಕಿಂತ ಇಷ್ಟ, ಏಕೆಂದರೆ ಇದು ನಮ್ಮ ತಟ್ಟೆಗೇ ಬಂದಿದೆ. ಪೋರ್ಚುಗೀಸರು ಎರಡು ಸ್ವರಗಳ ನಡುವೆ ಸಿಕ್ಕ ಎನ್ ಅನ್ನು ಬಾಯಿಂದ ಕೈಬಿಟ್ಟರು. ಎನ್ ಹೋಯಿತು, ಆದರೆ ಹೋಗುವ ಮುಂಚೆ ಪಕ್ಕದ ಸ್ವರಕ್ಕೆ ತನ್ನ ಮೂಗು ಕೊಟ್ಟು ಹೋಯಿತು. ಲ್ಯಾಟಿನ್‌ನ ‘ಮನುಸ್’, ಅಂದರೆ ಕೈ, ಸ್ಪ್ಯಾನಿಷ್‌ನಲ್ಲಿ ‘ಮಾನೊ’ ಆಗಿ ಎನ್ ಉಳಿಸಿಕೊಂಡಿತು. ಪೋರ್ಚುಗೀಸ್‌ನಲ್ಲಿ ‘ಮಾಂವ್’ ಆಯಿತು. ಆ ಎ ತಲೆ ಮೇಲೆ ಟಿಲ್ಡೆ. ಇಲ್ಲಿ ಟಿಲ್ಡೆ ಕೂರುವುದು ಸ್ವರದ ಮೇಲೆ, ಹೇಳುವುದು ಇಷ್ಟೇ: ಈ ಸ್ವರವನ್ನು ಮೂಗಿನಲ್ಲಿ ಬಿಡು. ಅವರು ಅದನ್ನು ‘ತಿಲ್’ ಅನ್ನುತ್ತಾರೆ. ಸಾಂವ್ ಪೌಲೊ ಊರಿನ ಮೊದಲ ಪದದ ಮೇಲೆ ಇರುವುದು ಅದೇ.

ಹಾಗೆಯೇ ಲ್ಯಾಟಿನ್‌ನ ‘ಪಾನಿಸ್’, ರೊಟ್ಟಿ, ಅವರಲ್ಲಿ ‘ಪಾಂವ್’. ಗೋವಾಕ್ಕೆ ಬಂದರು, ಬ್ರೆಡ್ಡು ಸುಟ್ಟರು, ಅದೇ ಪಾಂವ್ ನಮ್ಮ ಪಾವ್ ಭಾಜಿಯ ಪಾವ್. ಗಾಡಿ ಮುಂದೆ ನಿಂತು ‘ಇನ್ನೊಂದು ಜೋಡಿ ಪಾವ್ ಕೊಡಿ’ ಅನ್ನುವಾಗ ನಾವು ಟಿಲ್ಡೆ ಕಳಚಿದ ಪೋರ್ಚುಗೀಸ್ ಮಾತಾಡುತ್ತಿದ್ದೇವೆ. ಇದನ್ನು ಲಿಸ್ಬನ್‌ನಲ್ಲಿ ಮಾಡಬೇಡಿ. ಮೂಗಿಲ್ಲದ ‘ಪಾವು’ ಅಂದರೆ ಅಲ್ಲಿ ಕೋಲು. ಬೀದಿ ಮಾತಿನಲ್ಲಿ ಇನ್ನೊಂದು ಅರ್ಥವೂ ಇದೆ, ಅದು ಬೇಡ.

ಇದಕ್ಕಿಂತ ಚೆಂದದ್ದು ‘ಲೇಲಾಂವ್’ ಅನ್ನುವ ಪದದ ಕಥೆ. ಅದೂ ಕೊನೆಗೆ ಟಿಲ್ಡೆ ಇರುವ ಪದ. ಅರ್ಥ ಹರಾಜು. ಪೋರ್ಚುಗೀಸರು ಅದನ್ನು ಅರಬ್ಬಿಯಿಂದ ಪಡೆದು ನಮ್ಮ ಬಂದರುಗಳಿಗೆ ತಂದರು. ಬಂದರಿನಲ್ಲಿ ಕೂಗಿದ್ದು ಒಂದೇ ಪದ, ಆದರೆ ಒಬ್ಬೊಬ್ಬರ ಕಿವಿಗೆ ಒಂದೊಂದು ರೀತಿ ಬಿತ್ತು. ಮರಾಠಿಯವರು ಕೊನೆಗೆ ‘ವ್’ ಕೇಳಿಸಿಕೊಂಡರು, ‘ಲಿಲಾವ್’ ಅಂದರು. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಇವತ್ತೂ ‘ಲಿಲಾವು’ ಅನ್ನುತ್ತಾರೆ. ಹಿಂದಿಯವರಿಗೆ ‘ಮ್’ ಕೇಳಿಸಿತು, ‘ನೀಲಾಮ್’ ಆಯಿತು. ಮಲಯಾಳದಲ್ಲಿ ‘ಲೇಲಂ’, ತಮಿಳಿನಲ್ಲಿ ‘ಏಲಂ’. ಗುಂಡಿಗೆ ಅವರು ‘ಬೊತಾಂವ್’ ಅಂದರು, ಬಂಗಾಳಿಗಳು ‘ಬೋತಾಮ್’ ಮಾಡಿಕೊಂಡರು. ಯಾರಿಗೂ ತಪ್ಪು ಕೇಳಿಸಿಲ್ಲ. ಆ ಸದ್ದಿನಲ್ಲಿ ತುಟಿ ದುಂಡಗಾಗುವುದೂ ಇದೆ, ಮೂಗೂ ಇದೆ. ಕೆಲವರು ತುಟಿ ಹಿಡಿದರು, ಕೆಲವರು ಮೂಗು ಹಿಡಿದರು.

ಪೋರ್ಚುಗೀಸ್ ಕಲಿಯುವವರು ಅಳುವ ಜಾಗವೂ ಇದೇ. ರೊಟ್ಟಿ, ಕೈ, ಸಿಂಹ, ಮೂರೂ ಪದ ಏಕವಚನದಲ್ಲಿ ಒಂದೇ ಥರ ಕೊನೆಯಾಗುತ್ತವೆ. ಬಹುವಚನದಲ್ಲಿ ಮೂರೂ ಮೂರು ದಾರಿ: ಪಾಂಯ್ಶ್, ಮಾಂವ್ಶ್, ಲಿಯೋಂಯ್ಶ್. ಲ್ಯಾಟಿನ್‌ನಲ್ಲಿ ಅವು ಬೇರೆ ಬೇರೆಯಾಗಿದ್ದವು. ಏಕವಚನದಲ್ಲಿ ಒಂದಾದವು, ಬಹುವಚನದಲ್ಲಿ ಹಳೆಯ ಜಗಳ ಉಳಿಯಿತು.

ಸ್ವರಕ್ಕೆ ಮೂಗು ಕೊಡುವುದು ನಮಗೆ ಹೊಸದೇನಲ್ಲ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಓದಿದ್ದೀರಾ? ‘ಹಾಂವ್’ ಅಂತ ಇರುತ್ತದೆ, ‘ನಾನು’ ಅಂತ ಅರ್ಥ. ಗೋವಾಕ್ಕೆ ‘ಗೊಂಯ್’. ಕೊಂಕಣಿ ಗೊತ್ತಿಲ್ಲದ ಕನ್ನಡಿಗರು ‘ಹಾಮ್ವ್’ ಅಂತ ಓದಿ ತಡವರಿಸುತ್ತಾರೆ. ಅಲ್ಲಿ ಸೊನ್ನೆ ಅಂದರೆ ಮ್ ಕೂಡ ಅಲ್ಲ, ನ್ ಕೂಡ ಅಲ್ಲ, ಹಿಂದಿನ ಸ್ವರವೇ ಮೂಗಿನಲ್ಲಿ ಬರಬೇಕು. ಪೋರ್ಚುಗೀಸ್ ತಿಲ್ ಮಾಡುವ ಕೆಲಸವೇ. ನಾಗರಿಯಲ್ಲಿ ಇದಕ್ಕೆ ಚಂದ್ರಬಿಂದು ಅಂತ ಬೇರೆ ಗುರುತಿದೆ. ಹಿಂದಿಯಲ್ಲಿ ಹಕ್ಕಿ ಹಂಸಕ್ಕೆ ಬರೀ ಬಿಂದು, ‘ನಗು’ ಅನ್ನುವ ‘ಹಂಸ್’ಗೆ ಚಂದ್ರಬಿಂದು. ನಮ್ಮ ಸೊನ್ನೆ ಪಾಪ ಎರಡೂ ಹೊರಬೇಕು.

ಬೇಗ ಬೇಗ ಒಂದೆರಡು ಊರು ದಾಟುತ್ತೇನೆ. ಫ್ರಾನ್ಸಿನ ಬ್ರಿಟನಿಯಲ್ಲಿ ಬ್ರೆಟನ್ ಅಂತ ಭಾಷೆ ಇದೆ. ಅಲ್ಲಿ ಟಿಲ್ಡೆ ಇರುವ ಎನ್ ತಾನು ಉಚ್ಚಾರವೇ ಆಗುವುದಿಲ್ಲ, ಹಿಂದಿನ ಸ್ವರಕ್ಕೆ ಮೂಗು ಕೊಟ್ಟು ಸುಮ್ನೆ ಕೂರುತ್ತದೆ. 2017ರಲ್ಲಿ ಒಂದು ದಂಪತಿ ಮಗುವಿಗೆ ಈ ಅಕ್ಷರ ಇರುವ ಹೆಸರಿಟ್ಟರು. ಫ್ರೆಂಚ್‌ನಲ್ಲಿ ಇದಕ್ಕೆ ಜಾಗವಿಲ್ಲ ಅಂತ ಕೆಳಗಿನ ಕೋರ್ಟು ಒಪ್ಪಲಿಲ್ಲ. ಮರುವರ್ಷ ರೆನ್ ನಗರದ ಮೇಲಿನ ಕೋರ್ಟು ಹೆಸರನ್ನು ಉಳಿಸಿತು. ಕ್ರಿಮಿಯಾದ ಟಾಟಾರರಲ್ಲಿ ಇದೇ ಅಕ್ಷರ ಞ ಅಲ್ಲ, ಙ! ನಮ್ಮ ವರ್ಣಮಾಲೆಯ ಇನ್ನೊಂದು ಅನಾಥ ಅಕ್ಷರಕ್ಕೂ ಹೀಗೆ ಕೆಲಸ ಸಿಕ್ಕಿತು.

ಎಸ್ಟೋನಿಯಾದಲ್ಲಿ ಮೂಗಿನ ಸಂಬಂಧವೇ ಕಡಿದುಹೋಗುತ್ತದೆ. ಅವರು ಓ ಮೇಲೆ ಟಿಲ್ಡೆ ಹಾಕುತ್ತಾರೆ. 19ನೇ ಶತಮಾನದ ಶುರುವಿನಲ್ಲಿ ಓಟೊ ವಿಲ್ಹೆಲ್ಮ್ ಮಾಸಿಂಗ್ ಎಂಬ ಪಾದ್ರಿ, ತನ್ನ ಭಾಷೆಯ ಒಂದು ಸ್ವರಕ್ಕೆ ಅಕ್ಷರ ಇಲ್ಲವಲ್ಲ ಅಂತ ಇದನ್ನು ತಂದ. ಓ ಅನ್ನಲು ಹೊರಡಿ, ಆದರೆ ತುಟಿ ದುಂಡಗೆ ಮಾಡಬೇಡಿ. ನೋಡಿ, ಎಲ್ಲರೂ ಮಾಡುತ್ತಿದ್ದೀರಿ, ಚೆನ್ನಾಗಿದೆ! ತುಳು ಬಲ್ಲವರಿಗೆ ಇದು ಸುಲಭ. ತುಳು ಪದಗಳ ಕೊನೆಯಲ್ಲಿ ತುಟಿ ದುಂಡಗಾಗದ ಒಂದು ಉಕಾರ ಇದೆಯಲ್ಲ, ಅದರ ನೆಂಟ ಇದು. ಕೊಡವರ ಮಾತಿನಲ್ಲೂ ಇಂಥ ಸ್ವರಗಳಿವೆ. ಎಸ್ಟೋನಿಯಾದಲ್ಲೇ ಸಾರೆಮಾ ದ್ವೀಪದವರಿಗೆ ಇದು ಬರುವುದಿಲ್ಲ, ಬೇರೆ ಸ್ವರ ಹೇಳುತ್ತಾರೆ. ಉಳಿದವರು ಅವರನ್ನು ಆಡಿಕೊಳ್ಳುತ್ತಾರೆ. ಎಲ್ಲ ದೇಶದಲ್ಲೂ ಇದು ಇದ್ದದ್ದೇ.

ವಿಯೆಟ್ನಾಂನಲ್ಲಿ ಟಿಲ್ಡೆ ರಾಗದ ಗುರುತು. ಅವರಲ್ಲಿ ಒಂದೇ ‘ಮ’ವನ್ನು ಆರು ರಾಗದಲ್ಲಿ ಹೇಳಿದರೆ ಆರು ಅರ್ಥ: ದೆವ್ವ, ಅಮ್ಮ, ಆದರೆ, ಗೋರಿ, ಕುದುರೆ, ಭತ್ತದ ಅಗೆ. ಟಿಲ್ಡೆ ಇದ್ದರೆ ಕುದುರೆ. ದನಿ ಏರುತ್ತಾ ನಡುವೆ ಗಂಟಲು ಒಮ್ಮೆ ಹಿಡಿದು, ಮತ್ತೆ ಮೇಲೇಳುತ್ತದೆ. ಇದು ಉತ್ತರದ ಹನೋಯ್ ಕಡೆಯ ಮಾತು. ದಕ್ಷಿಣದವರ ಬಾಯಲ್ಲಿ ಈ ರಾಗ ಇನ್ನೊಂದರ ಜೊತೆ ಸೇರಿಹೋಗಿದೆ. ಅಲ್ಲಿ ಅತಿ ಸಾಮಾನ್ಯವಾದ ಮನೆತನದ ಹೆಸರು ‘ನ್ಗುಯೆನ್’. ಅದರ ಒಂದು ಇ ತಲೆ ಮೇಲೆ ಎರಡು ಗುರುತು, ಒಂದು ಟೋಪಿ, ಟೋಪಿ ಮೇಲೊಂದು ಟಿಲ್ಡೆ.

ಅದು ಅಲ್ಲಿಗೆ ಹೋದದ್ದು ಪಾದ್ರಿಗಳಿಂದ. ಪೋರ್ಚುಗೀಸ್ ಪಾದ್ರಿಗಳು ಮಾಡಿಟ್ಟಿದ್ದ ಕೆಲಸದ ಮೇಲೆ ಅಲೆಕ್ಸಾಂಡರ್ ದ ರೋಡ್ಸ್ ಎಂಬ ಜೆಸುಯಿಟ್ 1651ರಲ್ಲಿ ರೋಮ್‌ನಲ್ಲಿ ಒಂದು ನಿಘಂಟು ಅಚ್ಚು ಹಾಕಿಸಿದ. ರಾಗಕ್ಕೆ ಗುರುತು ಬೇಕಿತ್ತು. ಗ್ರೀಕ್ ಕಲಿತಿದ್ದವನು, ಅಲ್ಲಿಂದ ಎತ್ತಿಕೊಂಡ. ಹಳೆಯ ಗ್ರೀಕ್‌ನಲ್ಲಿ ದನಿ ಏರಿ ಇಳಿಯುವ ಸ್ವರದ ಮೇಲೆ ಒಂದು ಡೊಂಕು ಗೆರೆ ಇರುತ್ತಿತ್ತು. ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಅರಿಸ್ಟೊಫೇನಿಸ್ ಅದನ್ನು ತಂದ ಅನ್ನುತ್ತಾರೆ. ನಾಟಕಕಾರ ಅಲ್ಲ, ಇವನು ಬೇರೆ. ವೇದ ಹೇಳುವವರು ಇಲ್ಲಿದ್ದರೆ ‘ಇದು ನಮ್ಮ ಸ್ವರಿತ’ ಅನ್ನುತ್ತಾರೆ. ಹೌದು, ಏರಿ ಇಳಿಯುವ ಲೆಕ್ಕದಲ್ಲಿ ಎರಡೂ ಅಣ್ಣತಮ್ಮಂದಿರು. ಗ್ರೀಕರ ಮಾತಿನಲ್ಲಿ ಆ ರಾಗ ಎಂದೋ ಹೋಗಿತ್ತು, ಗುರುತು ಮಾತ್ರ ಶಾಲೆಯ ಮಕ್ಕಳನ್ನು ಕಾಡುತ್ತಿತ್ತು. 1982ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಟಿಲ್ಡೆಯನ್ನು ಎಲ್ಲಕ್ಕಿಂತ ಪೂರ್ತಿಯಾಗಿ ದುಡಿಸಿಕೊಂಡವರು ಮಾತ್ರ ಪರಗ್ವೆಯವರು. ಅಲ್ಲಿನ ಗ್ವಾರನಿ ಭಾಷೆ 1992ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆ ಅಧಿಕೃತವಾಯಿತು. ಮೂಲನಿವಾಸಿಗಳಲ್ಲದವರೂ ಮನೆಯಲ್ಲಿ ಆಡುವ ಭಾಷೆ. ಅದರ ಆರೂ ಸ್ವರಕ್ಕೆ ಮೂಗಿನ ಜೋಡಿ ಇದೆ, ಆರಕ್ಕೂ ಟಿಲ್ಡೆ. ಎನ್ ಮೇಲೆ ಟಿಲ್ಡೆ. ಸಾಲದು ಅಂತ ಜಿ ಮೇಲೂ ಟಿಲ್ಡೆ. ಈ ಜಿ ಎಷ್ಟು ಅಪರೂಪ ಅಂದರೆ ಕಂಪ್ಯೂಟರ್ ಲೋಕದ ಅಕ್ಷರಪಟ್ಟಿಯಾದ ಯುನಿಕೋಡ್‌ನಲ್ಲಿ ಅದಕ್ಕೆ ಒಂದೇ ಇಡಿ ಅಕ್ಷರವಾಗಿ ಜಾಗವಿಲ್ಲ. ಜಿ ಬರೆದು, ಟಿಲ್ಡೆಯನ್ನು ಬೇರೆಯಾಗಿ ತಂದು ಮೇಲೆ ಕೂರಿಸಬೇಕು. ಅವರ ಮೂಗು ಒಂದು ಸ್ವರಕ್ಕೆ ನಿಲ್ಲುವುದೂ ಇಲ್ಲ, ಪದದ ತುಂಬ ಹರಡುತ್ತದೆ. ಬಹುವಚನದ ಪ್ರತ್ಯಯ ‘ಕುವೇರ’. ಮನೆ ‘ಓಗ’, ಮನೆಗಳು ‘ಓಗಕುವೇರ’. ಆದರೆ ಮಗು ‘ಮಿತಾಂ’ ಮೂಗಿನ ಪದ. ಅದರ ಪಕ್ಕ ಬಂದ ಪ್ರತ್ಯಯಕ್ಕೂ ನೆಗಡಿ ಅಂಟುತ್ತದೆ, ‘ಮಿತಾಂಙ್ಗುವೇರ’ ಆಗುತ್ತದೆ. ಒಂದು ಟಿಲ್ಡೆ ನೋಡಿದರೆ ಸಾಕು, ಮುಂದಿನದು ಹೇಗೆ ಬದಲಾಗುತ್ತದೆ ಅಂತ ಗೊತ್ತಾಗುತ್ತದೆ.

ಕೊನೆಗೆ ಆ ಕೀಲಿಯ ವಿಷಯ. ತಲೆ ಮೇಲೆ ಕೂರಬೇಕಾದ ಗೆರೆ ಒಂಟಿಯಾಗಿ ಕೀಲಿಮಣೆಗೆ ಬಂದದ್ದು 1960ರ ದಶಕದಲ್ಲಿ. ಆಸ್ಕಿ ಅನ್ನುವ ಅಕ್ಷರಪಟ್ಟಿ ಮಾಡಿದವರ ಲೆಕ್ಕ ಸುಲಭವಾಗಿತ್ತು. ಎನ್ ಒತ್ತು, ಒಂದು ಹೆಜ್ಜೆ ಹಿಂದೆ ಬಾ, ಅದರ ಮೇಲೇ ಟಿಲ್ಡೆ ಒತ್ತು. ಕಾಗದದ ಮೇಲೆ ಹೊಡೆಯುವ ಯಂತ್ರದಲ್ಲಿ ಇದು ನಡೆಯುತ್ತದೆ. ಪರದೆ ಬಂದ ಮೇಲೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕಿತು. ಗೆರೆ ನಿರುದ್ಯೋಗಿಯಾಯಿತು. 1970ರ ದಶಕದಲ್ಲಿ ಪರದೆ, ಕೀಲಿಮಣೆ ಇದ್ದ ಎಡಿಎಂ-3ಎ ಎಂಬ ಟರ್ಮಿನಲ್‌ನಲ್ಲಿ ಟಿಲ್ಡೆಯೂ ‘ಹೋಮ್’ ಅನ್ನುವುದೂ ಒಂದೇ ಕೀಲಿಯ ಮೇಲಿದ್ದವು. ಅದರ ಮುಂದೆ ಕೂತು ಕೆಲಸ ಮಾಡಿದವರಿಂದಾಗಿ, ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಯುನಿಕ್ಸ್‌ನಲ್ಲಿ ಟಿಲ್ಡೆ ಅಂದರೆ ಬಳಕೆದಾರನ ಮನೆ, ಅಂದರೆ ಅವನ ಕಡತಗಳಿರುವ ಜಾಗ, ಅಂತಾಯಿತು. ಇಲ್ಲಿರುವ ಸಾಫ್ಟ್‌ವೇರ್ ಹುಡುಗರು ದಿನಾ ಒತ್ತುವುದು ಅದನ್ನೇ.

ಉಳಿದವರು ಈಗ ಮೊಬೈಲ್ ತೆಗೆದು ಇಂಗ್ಲಿಷ್ ಕೀಲಿಮಣೆಯಲ್ಲಿ ಎನ್ ಅನ್ನು ಒತ್ತಿ ಹಿಡಿಯಿರಿ. ಬಿಡಬೇಡಿ, ಹಾಗೇ ಹಿಡಿದಿರಿ. ಬಂತಾ?